ಒಲ್ಲೆ ಅನ್ನುವವಳ ವರ್ಷ

ನಮ್ಮೂರಿನಲ್ಲಿ ಎಲ್ಲರೂ ಒಂದೇ ಮಾತಿಗೆ ಹೂಂ ಅಂದರೆ ಊರು ನೆಲ ಬಿಡುತ್ತದೆ. ಮೊದಲು ಗೊತ್ತಾಗುವುದು ಕೋಳಿಗಳಿಗೆ. ಅವು ಕೆದರುವುದನ್ನು ನಿಲ್ಲಿಸಿ ಒಂದು ಕಾಲೆತ್ತಿಕೊಂಡು ನಿಲ್ಲುತ್ತವೆ. ಆಮೇಲೆ ಕೊಡದಲ್ಲಿನ ನೀರು ಒಂದು ಬದಿಗೆ ವಾಲುತ್ತದೆ, ಒಲೆಯ ಹೊಗೆ ಮೇಲೇಳುವ ಬದಲು ಹೊಸ್ತಿಲು ದಾಟಿ ಕೆಳಗೆ ಹರಿಯುತ್ತದೆ, ಊರಂಚಿನ ಬೇಲಿಗೂಟಗಳು ಕಿರುಗುಟ್ಟುತ್ತವೆ. ಅಷ್ಟರೊಳಗೆ ಯಾರಾದರೊಬ್ಬರು "ನಾ ಒಲ್ಲೆ" ಅನ್ನಬೇಕು. ಅಂದರೆ ಊರು ಗಬ್ಬದ ಎಮ್ಮೆ ಕೂತ ಹಾಗೆ ಮೆಲ್ಲಗೆ, ಉಸ್ಸೆಂದು ಕೂಡುತ್ತದೆ. ಅನ್ನದಿದ್ದರೆ ಹೋಗುತ್ತದೆ.

ಹೋಗಿದ್ದೂ ಉಂಟು. ನನ್ನನ್ನು ಸಾಕಿದ ಅಜ್ಜಿ ಕಾತ್ರಿನ್ ಆ ಕಥೆಯನ್ನು ಎಷ್ಟು ಸಲ ಹೇಳಿದ್ದಾಳೋ, ಪ್ರತಿ ಸಲವೂ ಊರು ಒಂದು ಗುಡ್ಡ ಹೆಚ್ಚಿಗೆ ದಾಟಿರುತ್ತದೆ. ಅವಳನ್ನು ಊರವರೆಲ್ಲ ಆಯಿ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಆಯಿಯ ಅಜ್ಜಿಯ ಕಾಲದಲ್ಲಿ ಒಂದು ಮದುವೆಯಾಯಿತಂತೆ. ಮದುಮಗಳು ಎಷ್ಟು ಚೆಂದ ಇದ್ದಳೆಂದರೆ ಮದುಮಗನ ಸೋದರತ್ತೆಗೂ ಕೊಂಕು ತೆಗೆಯಲು ಆಗಲಿಲ್ಲ. ಇಡೀ ಊರು ಹೂಂ ಅಂದಿತು, ಎದ್ದಿತು. ಚಪ್ಪರ, ಒಲೆ, ಒಲೆಯ ಮೇಲಿನ ಪಾಯಸದ ಹಂಡೆ ಸಮೇತ ಗುಡ್ಡದ ಮೇಲೆ ಗುಡ್ಡ ದಾಟಿ ಹೋಗುತ್ತಿರುವಾಗ ಪಾಯಸಕ್ಕೆ ಬೆಲ್ಲ ಕಡಿಮೆಯಾಗಿದೆಯೆಂದು ಬೀಗರಲ್ಲಿ ಜಗಳ ಹತ್ತಿತು. ಊರು ದೊಪ್ಪನೆ ಇಲ್ಲಿ ಬಿತ್ತು. ಹಾಗಾಗಿ ನಾವು ಈಗಿರುವ ಜಾಗ ಯಾವ ನಕಾಶೆಯಲ್ಲೂ ಇಲ್ಲ. ಕಚೇರಿಯ ನಕಾಶೆ ನಮ್ಮೂರೆಂದು ತೋರಿಸುವ ಹಳೆಯ ಜಾಗದಲ್ಲಿ ಬರೀ ಕಳ್ಳಿಗಿಡಗಳಿವೆಯಂತೆ. ಜನಗಣತಿಯವರು ಅಲ್ಲಿಗೆ ಹೋಗಿ, ಬೆವರು ಒರೆಸಿಕೊಂಡು, ಬುತ್ತಿ ಬಿಚ್ಚಿ ಉಂಡು, ವಾಪಸಾಗುತ್ತಾರೆ.

ಊರ ನಡುವೆ ಒಂದು ದೊಡ್ಡಹುಣಸೆ ಮರವಿದೆ. ಹೆಸರಿಗಷ್ಟೇ ಹುಣಸೆ, ನೋಡಿದರೆ ಆನೆಯೊಂದನ್ನು ತಲೆಕೆಳಗಾಗಿ ನೆಟ್ಟು ಮರೆತುಹೋದಂತಿದೆ. ನಮ್ಮ ಮೂಲದವಳೊಬ್ಬಳು ಆಫ್ರಿಕಾದಿಂದ ಹಡಗಿನಲ್ಲಿ ಬರುವಾಗ ಅದರ ಬೀಜವನ್ನು ಜಡೆಯೊಳಗೆ ಹೆಣೆದುಕೊಂಡು ಬಂದಳಂತೆ. ಅವಳ ಕಡೆಯ ಹಳ್ಳಿಗಳಲ್ಲಿ ಜನ ಇಂಥದೇ ಮರದ ಕೆಳಗೆ ಕೂತು, ಮಾತು ಮುಗಿಯುವವರೆಗೂ ಮಾತಾಡಿ, ಆಮೇಲೆಯೇ ಏಳುತ್ತಿದ್ದರಂತೆ. ನಮ್ಮ ಸಭೆಗಳೂ ಆ ಮರದ ಕೆಳಗೇ. ಬುಡದಲ್ಲಿ ಬೋರಲು ಹಾಕಿದ ಒಂದು ಒರಳಿದೆ. ಆ ವರ್ಷದ "ಒಲ್ಲೆ" ಯಾರೋ ಅವರು ಅದರ ಮೇಲೆ ಕೂಡಬೇಕು.

ಈ ಪದವಿ ಮನೆಯಿಂದ ಮನೆಗೆ ಸರದಿಯ ಮೇಲೆ ಬರುತ್ತದೆ. ಸಭೆಯ ಮೊದಲ ಚಹಾ ಒಲ್ಲೆಗೆ, ಬೆಲ್ಲ ಹೆಚ್ಚಾಗಿ ಹಾಕಿ. ಎಲ್ಲರ ಬಾಯಿ ಕಹಿ ಮಾಡುವವರ ಬಾಯಿ ಮೊದಲು ಸಿಹಿಯಾಗಲಿ ಅಂತ. ಕೆಲಸ ಸುಲಭ ಅನ್ನಿಸಬಹುದು. ಆದರೆ ಸುಳ್ಳು ಒಲ್ಲೆಗೆ ತೂಕವಿಲ್ಲ. ಮನಸ್ಸಿನಲ್ಲಿ ಬೇಕು ಬೇಕು ಅನ್ನುತ್ತ ಬಾಯಲ್ಲಿ ಬೇಡ ಅಂದರೆ ಊರಿಗೆ ಗೊತ್ತಾಗುತ್ತದೆ. ಮಿಂಗೇಲ ಕಾಕಾ ತನ್ನ ಸರದಿಯ ವರ್ಷ ಸ್ವಂತ ತಮ್ಮನ ಮದುವೆಗೆ ಕಾಟಾಚಾರದ ಒಲ್ಲೆ ಹೇಳಿಬಿಟ್ಟ. ಊರು ಕೂಡಲೇ ಇಲ್ಲ. ಬೀಗರು ಬೇಲಿ ಹಿಡಿದು ಜೋತಾಡಿದರು. ಕೊನೆಗೆ ಕಾಕಾ ತಮ್ಮನನ್ನು ಅಡಿಯಿಂದ ಮುಡಿವರೆಗೆ ನೋಡಿ, "ಇಂವಾ ಹಾಸಿಗಿ ಸುತ್ತಿಡಂಗಿಲ್ಲ, ತಾಟು ತೊಳಿಯಂಗಿಲ್ಲ, ಪಾಪ ಆ ಹುಡುಗಿ ಗತಿ ಏನು" ಅಂತ ನಿಜವಾಗಿ ಚಿಂತೆ ಮಾಡಿದ ಮೇಲೆಯೇ ಊರು ಇಳಿದದ್ದು. ಅಣ್ಣ ತಮ್ಮ ಇವತ್ತಿಗೂ ನೆಟ್ಟಗೆ ಮಾತಾಡುವುದಿಲ್ಲ.

ಈ ಸಲ ಸರದಿ ನಮ್ಮ ಮನೆಗೆ ಬಂತು. ಮನೆಯಲ್ಲಿ ನಾವು ಮೂವರೇ ಹೆಂಗಸರು. ಆಯಿಗೆ ವಯಸ್ಸಾಗಿ ಎಲ್ಲದರ ಮೇಲೂ ಪ್ರೀತಿ ಹುಟ್ಟಿಬಿಟ್ಟಿದೆ, ಇರುವೆ ಕಚ್ಚಿದರೂ ಹೂಂ ಅನ್ನುತ್ತಾಳೆ. ಅವ್ವ ವರ್ಷದ ಅರ್ಧ ಊರಲ್ಲೇ ಇರುವುದಿಲ್ಲ. ಉಳಿದವಳು ನಾನು, ಇನಾಸಿ.

ಅವ್ವ ಎಲ್ಲಿಗೆ ಹೋಗುತ್ತಾಳೆ ಅನ್ನುವುದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಈ ಕಥೆಯೆಲ್ಲ ಅದರದೇ. ದೀಪಾವಳಿ ಮುಗಿದ ಮೇಲೆ ಮುಕಾದಮ ಭರಮಣ್ಣನ ಲಾರಿ ಬರುತ್ತದೆ. ಗಟ್ಟಿ ಕೈಕಾಲಿನವರನ್ನೆಲ್ಲ ತುಂಬಿಕೊಂಡು ಸಕ್ಕರೆ ಕಾರ್ಖಾನೆಗಳ ಸೀಮೆಗೆ ಕಬ್ಬು ಕಡಿಯಲು ಒಯ್ಯುತ್ತದೆ. ಅವರು ತಿರುಗಿ ಬರುವಾಗ ಬಿಸಿಲು ನೆತ್ತಿ ಸುಡುತ್ತಿರುತ್ತದೆ. ಅವ್ವನ ಕೈ ತುಂಬ ಕಬ್ಬಿನ ಗರಿ ಗೀರಿದ ಗೆರೆಗಳಿರುತ್ತವೆ, ಮತ್ತು ಮೊದಲ ಕೆಲವು ದಿನ ಅವಳು ನನ್ನ ಜೊತೆ ನೆಂಟರ ಮನೆಗೆ ಬಂದವಳ ಹಾಗೆ ಮಾತಾಡುತ್ತಾಳೆ. ನಾನು ಚಿಕ್ಕವಳಿದ್ದಾಗಿನಿಂದ ಹೀಗೇ. ಅವ್ವ ಇಲ್ಲದ ಜಾಗದಲ್ಲಿ ಆಯಿ ದಿನಕ್ಕೊಂದು ಕಥೆ ಇಡುತ್ತಿದ್ದಳು. ಕಥೆಗಳು ಬಹಳ ಚೆನ್ನಾಗಿದ್ದವು. ಅವುಗಳಿಗೆ ಅವ್ವನ ವಾಸನೆ ಮಾತ್ರ ಇರಲಿಲ್ಲ.

ಮಳೆಗಾಲದ ಕೊನೆಯಲ್ಲಿ ವಿನುತಾ ಮೇಡಂ ಬಂದರು. ಬಂದರು ಅನ್ನುವುದಕ್ಕಿಂತ ದಾರಿ ತಪ್ಪಿದರು ಅನ್ನಬೇಕು. ಅವರ ಜೀಪು ಕಳ್ಳಿಗಿಡಗಳ ಹತ್ತಿರ ನಿಂತಿತ್ತಂತೆ, ಅಲ್ಲಿಂದ ಒಂದು ಕತ್ತೆಯ ಹಿಂದೆ ನಡೆದು ನಮ್ಮೂರು ಸೇರಿದರು. ಹಳ್ಳಿಗಳ ಬಡತನ ಕಡಿಮೆ ಮಾಡುವ ಒಂದು ಸಂಸ್ಥೆಯವರು. ಬಗಲಲ್ಲಿ ಚಾರ್ಟ್ ಪೇಪರಿನ ಸುರುಳಿಗಳು, ಮುಖದಲ್ಲಿ ಯಾರನ್ನೂ ನೋಯಿಸಬಾರದೆಂಬ ಕಾಳಜಿ.

"ನಾವು ನಿಮಗೆ ಏನೂ ಕೊಡೋಕೆ ಬಂದಿಲ್ಲ" ಅಂದರು, ಮರದ ಕೆಳಗೆ ನಿಂತು. "ನಿಮ್ಮ ಊರಿಗೆ ಏನು ಬೇಕು ಅಂತ ನಮಗಿಂತ ನಿಮಗೇ ಚೆನ್ನಾಗಿ ಗೊತ್ತು. ನೀವೇ ಯೋಚನೆ ಮಾಡಬೇಕು, ನೀವೇ ತೀರ್ಮಾನ ಮಾಡಬೇಕು, ನೀವೇ ಕಟ್ಟಬೇಕು."

"ಹಂಗಾದ್ರ ನೀವು ಯಾಕ ಬಂದ್ರೀ?" ಅಂತ ಮಿಂಗೇಲ ಕಾಕಾ ಕೇಳಿದ. ಜಗಳಕ್ಕಲ್ಲ, ನಿಜವಾಗಿ ತಿಳಿಯದೆ.

ಮೇಡಂ ನಕ್ಕರು. "ಕೇಳೋಕೆ" ಅಂದರು.

ಕೇಳಲೆಂದೇ ಅಷ್ಟು ದೂರ ನಡೆದು ಬಂದವರನ್ನು ನಮ್ಮೂರು ಅಲ್ಲಿಯವರೆಗೆ ಕಂಡಿರಲಿಲ್ಲ. ಜನ ಕನಿಕರದಿಂದ ಅವರಿಗೆ ಮಂಡಕ್ಕಿ ತಂದುಕೊಟ್ಟರು.

ಮೊದಲ ಕೆಲಸವಾಗಿ ಅವರು ರಂಗೋಲಿ ಪುಡಿ ಕೊಟ್ಟು ನೆಲದ ಮೇಲೆ ಊರು ಬರೆಯಿರಿ ಅಂದರು. ನಕಾಶೆಯೇ ಇಲ್ಲದ ನಾವು ಎಷ್ಟು ಖುಷಿಯಿಂದ ಬರೆದೆವೆಂದರೆ! ಪ್ರತಿಯೊಬ್ಬರೂ ತಮ್ಮ ಮನೆ ಬರೆದರು, ಪ್ರತಿ ಮನೆಯೂ ಗುಡ್ಡಕ್ಕಿಂತ ದೊಡ್ಡದಾಗಿತ್ತು. ಮಿಂಗೇಲ ಕಾಕಾ ತನ್ನ ತಮ್ಮನ ಮನೆಯನ್ನು ಬರೆಯುವುದು ಮರೆತ. ತಮ್ಮ ಬಂದು ಕಾಕಾನ ಅಂಗಳದಲ್ಲೇ ತನ್ನ ಮನೆ ಬರೆದ. ಹಳ್ಳಕ್ಕೆ ರಂಗೋಲಿ ಸಾಲದೆ ಹಿಟ್ಟು ಉದುರಿಸಿದರೆ ಆಡುಗಳು ಬಂದು ಹಳ್ಳವನ್ನು ನೆಕ್ಕಿ ಹೋದವು.

"ನೋಡ್ರಿ" ಅಂದಳು ಅವ್ವ, ಆ ಖಾಲಿ ಗೆರೆ ತೋರಿಸಿ. ಅವ್ವ ಸಭೆಯಲ್ಲಿ ಮಾತಾಡುವುದೇ ಅಪರೂಪ. "ನಮ್ಮ ಹಳ್ಳ ಹಿಂಗ ರೀ. ಮಳಿ ಬಿದ್ದಾಗ ಮನಿ ಮಟಾ ಬರ್ತೈತಿ, ಆಮ್ಯಾಲ ಇಳಿದು ಹೋಗಿಬಿಡ್ತೈತಿ. ನೀರು ನಿಲ್ಲೂದಿಲ್ಲ. ಅದರ ಹಿಂದ ನಾವೂ ನಿಲ್ಲೂದಿಲ್ಲ."

ಮೇಡಂ ಮೆಲ್ಲಗೆ, "ಹಾಗಾದ್ರೆ ನೀರು ನಿಲ್ಲಬೇಕು ಅಂದ್ರೆ?" ಅಂದರು.

"ಒಡ್ಡು ಹಾಕಬೇಕು" ಅಂದರು ನಾಕಾರು ಜನ ಒಟ್ಟಿಗೆ. ಒಡ್ಡು ಹಾಕಿದರೆ ಹಿಂಗಾರಿಗೆ ಕಡಲೆ, ಕುಸುಬಿ ಬಿತ್ತಬಹುದು. ಕಾಯಿಪಲ್ಲೆ ಬೆಳೆಯಬಹುದು. ಹಿಂಗಾರಿ ಬೆಳೆದರೆ ಯಾರೂ ಲಾರಿ ಹತ್ತಬೇಕಾಗಿಲ್ಲ. ನಾನು ಅವ್ವನ ಮುಖ ನೋಡಿದೆ. ಅವಳು ನನ್ನ ಮುಖ ನೋಡುತ್ತಿದ್ದಳು.

ಸಿಮೆಂಟು, ಸರಳು ಸಂಸ್ಥೆಯದು. ಕಲ್ಲು, ಉಸುಕು, ಮೈ ಮುರಿಯುವುದು ನಮ್ಮದು. ಒಂದೇ ಷರತ್ತು. "ಊರವರೆಲ್ಲ ಒಪ್ಪಿರಬೇಕು" ಅಂದರು ಮೇಡಂ. "ಒಬ್ಬರೂ ಬಿಡದ ಹಾಗೆ. ಎಲ್ಲರೂ ಕೈ ಎತ್ತಿ, ನಾನು ಒಂದು ಫೋಟೋ ತಗೋತೀನಿ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದಾವಲಬಿ ಖಾಲಾ ತನ್ನ ಕೂಸನ್ನು ಸೊಂಟಕ್ಕೆ ಬಿಗಿಯಾಗಿ ಕಟ್ಟಿಕೊಂಡಳು. ಒಬ್ಬ ಎದ್ದು ಹೋಗಿ ಎತ್ತುಗಳ ಹಗ್ಗ ಜಗ್ಗಿ ನೋಡಿ ಬಂದ.

ಕೈಗಳು ಎದ್ದವು. ಕೋಳಿಗಳು ಒಂದು ಕಾಲೆತ್ತಿದವು.

"ಭೂಕಂಪ!" ಅಂತ ಮೇಡಂ ಚೀರಿದರು.

"ಅಲ್ರಿ, ಒಪ್ಪಿಗಿ" ಅಂದ ಮಿಂಗೇಲ ಕಾಕಾ. "ಗಾಬರಿ ಆಗಬ್ಯಾಡ್ರಿ. ಹುಡುಗಿ ಈಗ ಇಳಸ್ತಾಳ."

ನಾನು ಒರಳಿನ ಮೇಲೆ ಕೂತು "ಒಲ್ಲೆ" ಅಂದೆ. ಅಷ್ಟು ಹಗುರವಾದ ಒಲ್ಲೆಯನ್ನು ನಮ್ಮೂರು ಕೇಳಿರಲಿಕ್ಕಿಲ್ಲ. ನನ್ನ ಮೈಯ ಎಲ್ಲ ರೋಮಗಳೂ ಹೂಂ ಹೂಂ ಅನ್ನುತ್ತಿದ್ದವು. ಬೇಲಿಯ ಆಚೆ ಹಳ್ಳ ಕೆಳಗೆ ಸರಿಯುವುದು ಕಾಣಿಸಿತು. "ಒಲ್ಲೆ, ಒಲ್ಲೆ" ಅಂದೆ. ಊರು ಇನ್ನಷ್ಟು ಮೇಲಕ್ಕೆ ಹೋಯಿತು. ಆಯಿ ಹಿಂದಿನಿಂದ ನನ್ನ ಬೆನ್ನು ಚಿವುಟಿದಳು. "ಬಾಯಿ ಬ್ಯಾಡ, ಕಣ್ಣು ಬಿಡು. ಖರೇದು ಒಂದು ಹುಡುಕು."

ಕಣ್ಣು ಬಿಟ್ಟೆ. ನೆಲದ ಮೇಲೆ ಹಳ್ಳದ ಗೆರೆಗೆ ಅಡ್ಡಲಾಗಿ ಬರೆದಿದ್ದ ರಂಗೋಲಿಯ ಒಡ್ಡು ಕಾಣಿಸಿತು. ಅದರ ಹಿಂದೆ ನೀರು ನಿಂತರೆ ಎಲ್ಲಿಯವರೆಗೆ ಬರುತ್ತದೆಂದು ಕಣ್ಣಲ್ಲೇ ತುಂಬಿಸಿ ನೋಡಿದೆ. ಇಲ್ಲದ್ದನ್ನು ಕಾಣುವುದೊಂದೇ ನನಗೆ ಬರುವ ವಿದ್ಯೆ. ನೀರು ಬಂತು, ಬಂತು, ದಾವಲಬಿ ಖಾಲಾನ ಉಳ್ಳಾಗಡ್ಡಿ ಹೊಲಕ್ಕೆ ಹತ್ತಿತು. ಖಾಲಾನ ಗಂಡ ಮರದಿಂದ ಬಿದ್ದು ಹಾಸಿಗೆ ಹಿಡಿದ ಮೇಲೆ ಅವಳಿಗಿರುವುದು ಅದೊಂದೇ ಹೊಲ. ಅವಳೂ ಕೈ ಎತ್ತಿದ್ದಳು.

"ಖಾಲಾನ ಹೊಲ ಮುಳುಗತೈತಿ" ಅಂದೆ. "ನಾ ಒಲ್ಲೆ."

ಊರು ಉಸ್ಸೆಂದು ಕೂತಿತು. ಖಾಲಾ ಮಾತ್ರ ಕೂಡಲಿಲ್ಲ. "ನಿನ್ನನ್ನ ಯಾರು ಕೇಳಿದ್ರು? ನಾ ಏನರ ಅಂದ್ನೇನು? ಊರಿಗೆ ಒಳ್ಳೇದಾಗೂವಾಗ ನನ್ನ ಉಳ್ಳಾಗಡ್ಡಿ ಅಡ್ಡ ಬಂತು ಅಂತ ನಾಳೆ ಎಲ್ಲಾರೂ ನನ್ನ ಆಡ್ಕೋಬೇಕೇನು?" ಅಂತ ಬೈದಳು. ಬೈಯುತ್ತ ಬೈಯುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡು, ಸಂಜೆ ನಮ್ಮ ಮನೆಗೆ ಒಂದು ಬೊಗಸೆ ಉಳ್ಳಾಗಡ್ಡಿ ಕಳಿಸಿದಳು.

ಒಡ್ಡನ್ನು ಹಳ್ಳದ ಮೇಲುಗಡೆಗೆ ಸರಿಸಿದರು. ಮತ್ತೆ ಸಭೆ, ಮತ್ತೆ ಕೈಗಳು, ಮತ್ತೆ ಕೋಳಿಗಳು. ಅಲ್ಲಿ ಕತ್ತೆಗಳು ಹಳ್ಳ ದಾಟುವ ದಾರಿಯಿತ್ತು, ಒಲ್ಲೆ ಅಂದೆ. ಇನ್ನೂ ಮೇಲೆ ಸರಿಸಿದರು. ಅಲ್ಲಿ ಹೆಂಗಸರು ಬಟ್ಟೆ ಒಗೆಯುವ ಬಂಡೆ. ಅದು ಮುಳುಗಿದರೆ ಊರಿನ ಸುದ್ದಿ ಯಾವ ಬಂಡೆಯ ಮೇಲೆ ಒಣಗಬೇಕು? ಅದಕ್ಕೂ ಒಲ್ಲೆ ಅಂದೆ, ಈ ಸಲ ಹೆಂಗಸರೇ ಚಪ್ಪಾಳೆ ತಟ್ಟಿದರು. ಪ್ರತಿ ಸಲವೂ ಜಾಗ ಸ್ವಲ್ಪ ಉತ್ತಮವಾಗುತ್ತಿತ್ತು. ಪ್ರತಿ ಸಲವೂ ಮೇಡಂನ ಫೋಟೋ ಕೆಡುತ್ತಿತ್ತು.

"ಇದೊಂದು ಉಪಾಯ ಮಾಡೂಣು" ಅಂದ ಮಿಂಗೇಲ ಕಾಕಾ. "ನಾವೆಲ್ಲಾರೂ ಕೈ ಎತ್ತತೀವಿ, ಹುಡುಗೀನೂ ಎತ್ತಲಿ. ಒಲ್ಲೆ ನೀವು ಅನ್ರಿ ಮೇಡಮ್ಮರ. ನೀವು ನಮ್ಮೂರ ನೀರು ಕುಡದೀರಿ, ನಡೀತೈತಿ."

ಮೇಡಂ ಒರಳಿನ ಮೇಲೆ ಕೂತರು. ಬೆಲ್ಲದ ಚಹಾ ಕುಡಿದರು. ಊರು ಎದ್ದಿತು. ಮೇಡಂ ಬಾಯಿ ತೆರೆದು, "ನಿಮ್ಮೆಲ್ಲರ ಅಭಿಪ್ರಾಯವನ್ನ ನಾನು ಗೌರವಿಸ್ತೀನಿ" ಅಂದರು.

"ಹಂಗಲ್ರಿ! ಒಲ್ಲೆ ಅನ್ರಿ!"

"ಇದನ್ನ ಇನ್ನೊಂದು ದೃಷ್ಟಿಯಿಂದಲೂ ನೋಡಬಹುದೇನೋ ಅಂತ…"

"ಬೇಲಿ ಕಿತ್ತ ಬರಾಕತ್ತೈತ್ರಿ ಮೇಡಮ್ಮರ!"

ಪಾಪ, ಅವರಿಗೆ ಆಗಲೇ ಇಲ್ಲ. ಬೇಡ ಅನ್ನುವುದನ್ನು ಅವರ ತರಬೇತಿಯಲ್ಲಿ ಕಲಿಸಿರಲಿಲ್ಲವಂತೆ. ನಾನೇ ಓಡಿ ಬಂದು, ಹೊಸ ಜಾಗದಲ್ಲಿ ಒಡ್ಡಿನ ಒಂದು ಕೊನೆ ಬರೀ ಉಸುಕಿನ ಮೇಲೆ ನಿಂತಿದೆ, ಮೊದಲ ಮಳೆಗೇ ಕಿತ್ತು ಹೋಗುತ್ತದೆ, ಒಲ್ಲೆ ಅಂದೆ. ಇಳಿದ ಮೇಲೆ ಮೇಡಂ ಗುಡ್ಡ ಹತ್ತಿ, ಸಿಗ್ನಲ್ ಸಿಗುವ ಕಲ್ಲಿನ ಮೇಲೆ ನಿಂತು, ತಮ್ಮ ಕಚೇರಿಗೆ ಫೋನ್ ಮಾಡಿದರು. "ಹೌದು ಸರ್, ಎಲ್ಲರೂ ಒಪ್ಪಿದ್ದಾರೆ. ಒಬ್ಬಳು ಮಾತ್ರ ಇನ್ನೂ ಯೋಚನೆ ಮಾಡ್ತಾ ಇದಾಳೆ. ಇಲ್ಲ ಸರ್, ಅವಳು ಯೋಚನೆ ನಿಲ್ಲಿಸಿದ್ರೆ ಕಷ್ಟ." ಕಚೇರಿಯವರಿಗೆ ಏನು ತಿಳಿಯಿತೋ ಗೊತ್ತಿಲ್ಲ. ಗಟ್ಟಿ ಬಂಡೆಯ ಜಾಗ ಸಿಕ್ಕಿ ಊರು ಅದನ್ನು ಗೊತ್ತುಮಾಡಿದ ಮೇಲೆ, ನಾನು ಅದಕ್ಕೂ ದಾರಿ ಬಹಳ ಕಡಿದು ಅಂತ, ಊರು ಇಳಿಯಲು ಬೇಕಾದಷ್ಟೇ ಒಂದು ಒಲ್ಲೆ ಹೇಳಿದ ಮೇಲೆ, ಸಿಮೆಂಟು ಬಂತು.

ಈ ನಡುವೆ ಮನೆಯಲ್ಲಿ ಅವ್ವ ನನ್ನೊಂದಿಗೆ ಮಾತು ಬಿಟ್ಟಿದ್ದಳು. ರೊಟ್ಟಿಯನ್ನು ತಟ್ಟೆಗೆ ಹಾಕುವಾಗ ಬೇಕಾದದ್ದಕ್ಕಿಂತ ಜೋರಾಗಿ ಹಾಕುತ್ತಿದ್ದಳು. ಒಂದು ದಿನ ಕೇಳಿಯೇಬಿಟ್ಟಳು.

"ನಿನಗ ನಾ ಮನ್ಯಾಗಿರೂದು ಬ್ಯಾಡೇನ?"

"ಯವ್ವಾ, ನಾ ಒಲ್ಲೆ ಅನ್ನಲಿಲ್ಲಂದ್ರ ಊರು—"

"ಊರು, ಊರು. ಹೋದ್ರ ಹೋಗಲಿ ಊರು. ಖರೇ ಒಲ್ಲೆಗಷ್ಟ ತೂಕ ಅಂತಾರಲ್ಲ. ನಿನ್ನ ಒಲ್ಲೆಗೆ ಊರು ಪ್ರತಿ ಸಲ ಕುಂಡರತೈತಿ. ನಿನ್ನ ಮನಸಿನ್ಯಾಗ ಎಷ್ಟರ ಬ್ಯಾಡ ಐತಿ ನನಗೂ ತಿಳೀತೈತಿ."

ಖಾಲಾನ ಹೊಲ ಬೇಕು ಅನ್ನುವುದೂ ಅವ್ವ ಬೇಕು ಅನ್ನುವುದೂ ಒಂದೇ ಹೊಟ್ಟೆಯಲ್ಲಿ ಇರುತ್ತವೆ, ಒಂದರ ಮೇಲೊಂದು ಕಾಲು ಹಾಕಿಕೊಂಡು ಮಲಗಿರುತ್ತವೆ ಅಂತ ಹೇಗೆ ಹೇಳಲಿ? ಕಥೆಯಲ್ಲಾದರೆ ಹೇಳಬಹುದು. ಎದುರಿಗೆ ಅವ್ವ ನಿಂತಿರುವಾಗ ಬಾಯಿಗೆ ಬರುವುದಿಲ್ಲ. ಆಯಿ ಮೂಲೆಯಿಂದ, "ಬಾಯಿ ತಗದು ಅಳ್ರೇ ಇಬ್ಬರೂ, ಮುಗದು ಹೋಗ್ಲಿ" ಅಂದಳು. ಇಬ್ಬರೂ ಅಳಲಿಲ್ಲ.

ದೀಪಾವಳಿ ಮುಗಿಯಿತು. ಹಳ್ಳ ತೆಳ್ಳಗಾಯಿತು. ಒಡ್ಡಿನ ಪಾಯ ತೋಡಲು ಅದೇ ಸರಿಯಾದ ಹೊತ್ತು. ಲಾರಿ ಬರುವ ಹೊತ್ತೂ ಅದೇ ಅಂತ ನಮ್ಮಲ್ಲಿ ಯಾರೂ ಆ ರಂಗೋಲಿಯಲ್ಲಿ ಬರೆದಿರಲಿಲ್ಲ.

ಭರಮಣ್ಣನ ಲಾರಿ ಬೆಳಿಗ್ಗೆಯೇ ಬಂದು ಬೇಲಿಯ ಆಚೆ ನಿಂತು ಹಾರ್ನ್ ಹೊಡೆಯಿತು. ಇಡೀ ಊರು ಮರದ ಕೆಳಗೆ ಸೇರಿತು. ಕೆಲವರ ಕೈಯಲ್ಲಿ ಹಾರೆ, ಕೆಲವರ ಕೈಯಲ್ಲಿ ಗಂಟು, ಕೆಲವರ ಕೈಯಲ್ಲಿ ಎರಡೂ.

ಮಿಂಗೇಲ ಕಾಕಾ ಗಂಟಲು ಸರಿಮಾಡಿಕೊಂಡ. "ಹೋಗಲಿಲ್ಲಂದ್ರ ಬ್ಯಾಸಿಗಿ ಮಟಾ ತಿನ್ನೂದೇನು? ಒಡ್ಡು ಮುಗದು, ಮಳಿ ಬಂದು, ನೀರು ನಿಂತು, ಕಡ್ಲಿ ಕೈಗೆ ಬರೂದು ಬರೂ ವರ್ಷ. ಹೊಟ್ಟಿ ಇವತ್ತಿಂದು. ಅದಕ್ಕ ಗಟ್ಟಿ ಇದ್ದವರು ಇದೊಂದು ವರ್ಷ ಹೋಗಿ ಬರ್ರಿ. ನಾವು ಮುದುಕ್ರು ತದುಕ್ರು ಆದಷ್ಟು ಕಲ್ಲು ಒಟ್ಟತೀವಿ. ಇದೊಂದ ಸಲ."

ಮಾತು ಸರಿಯಾಗಿತ್ತು. ತಪ್ಪು ಹುಡುಕಿದರೂ ಸಿಗದಂಥ ಮಾತು. ಅವ್ವ ನೆಲ ನೋಡುತ್ತ "ಹೂಂ" ಅಂದಳು. ದಾವಲಬಿ ಖಾಲಾ ಹೂಂ ಅಂದಳು. ಆಯಿ ಹೂಂ ಅಂದಳು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಖರೇದೊಂದನ್ನು ಹುಡುಕಿದೆ. ಹಿಟ್ಟಿನ ಡಬ್ಬಿಗಳನ್ನು ನೆನೆದೆ, ಅವು ಖಾಲಿಯಿದ್ದವು. ಒಲೆಗಳನ್ನು ನೆನೆದೆ. ಯಾವ ಕಡೆಯಿಂದ ನೋಡಿದರೂ ಕಾಕಾ ಹೇಳಿದ್ದೇ ಸರಿ. ಹೀಗೆ, ಆಯಿಯ ಕಥೆಯ ಆ ಮದುವೆಯಾದ ಮೇಲೆ ಮೊದಲ ಬಾರಿಗೆ, ಒರಳಿನ ಮೇಲೆ ಕೂತವಳೂ ಹೂಂ ಎಂದು ತಲೆಯಾಡಿಸಿದಳು.

ಖುಷಿಗೆ ಏಳುವ ಊರಿಗಿಂತ, ಬೇರೆ ದಾರಿಯಿಲ್ಲವೆಂದು ಏಳುವ ಊರು ಬೇಗ ಏಳುತ್ತದೆಂದು ಆವತ್ತು ತಿಳಿಯಿತು. ಕೋಳಿಗಳಿಗೆ ಕಾಲೆತ್ತಲೂ ಪುರಸೊತ್ತು ಸಿಗಲಿಲ್ಲ. ಲಾರಿ ಬೇಲಿಯ ಆಚೆ ಇತ್ತಲ್ಲ, ಅದು ನೆಲದ ಮೇಲೆಯೇ ಉಳಿಯಿತು. ಅದರ ಮೂತಿ ಕೆಳಗಿಳಿಯಿತು, ಮಾಡು ಕೆಳಗಿಳಿಯಿತು, ಕೊನೆಗೆ ಮಾಡಿನ ಮೇಲೆ ಕಟ್ಟಿದ್ದ ಹಸಿರು ತಾಡಪಾಲು ನಮ್ಮ ಕಾಲ ಕೆಳಗೆ ಕೆರೆಯ ಹಾಗೆ ಕಾಣಿಸಿತು.

"ಏ! ಇಳೀರ್ಲೇ! ಡೀಸೆಲ್ ಉರಿಯಾಕತ್ತೈತಿ!" ಅಂತ ಕೆಳಗಿನಿಂದ ಭರಮಣ್ಣ ಕೂಗಿದ.

"ನಾವ ಇಳೀಬೇಕಂತೀವಿ, ಊರು ಏರಾಕತ್ತೈತಿ! ತಡೀರಿ!" ಅಂತ ಕಾಕಾ ಮೇಲಿನಿಂದ ಕೂಗಿದ.

ಮೇಡಂ ದೊಡ್ಡಹುಣಸೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಿದ್ದರು. ಕಾಕಾ ಛಾವಣಿ ಹತ್ತುವ ಏಣಿ ತಂದು ಊರಂಚಿಗೆ ಇಳಿಬಿಟ್ಟ. ಅದರ ಕೊನೆ ಲಾರಿಯ ಮಾಡಿಗೆ ಇನ್ನೇನು ತಾಕಬೇಕು. "ಯಾರು ಮೊದಲು?" ಅಂದ. ಇಂಥ ಕಡೆ ಯಾವಾಗಲೂ ಮೊದಲು ಹೋಗುವವಳು ಅವ್ವ. ಗಂಟನ್ನು ತಲೆಯ ಮೇಲಿಟ್ಟುಕೊಂಡು, ನನ್ನ ಕಡೆ ತಿರುಗದೆ, ಏಣಿಗೆ ಕಾಲು ಕೊಟ್ಟಳು. ಸೊಂಟದವರೆಗೆ ಮರೆಯಾದಳು. ಎದೆಯವರೆಗೆ ಮರೆಯಾದಳು. ಊರಿನ ಅಂಚಿನ ಮೇಲೆ ಅವಳ ಮುಖ, ಮುಖದ ಮೇಲೆ ಗಂಟು, ಅಷ್ಟೇ ಉಳಿದಾಗ ಅವಳು ನನ್ನನ್ನು ನೋಡಿದಳು. ವರ್ಷ ವರ್ಷವೂ ಲಾರಿಯ ಹಿಂಬದಿಯಿಂದ ಹಾಗೇ ನೋಡುತ್ತಿದ್ದಳು, ನಾನು ಆಗೆಲ್ಲ ಮೋಡ ನೋಡುತ್ತಿದ್ದೆ.

"ಒಲ್ಲೆ" ಅಂದೆ.

"ಕಾರಣ ಏನಬೇ?" ಅಂದಳು ಆಯಿ ಹಿಂದಿನಿಂದ.

"ಕಾರಣ ಇಲ್ಲ. ಯಾರ ಹೊಲಾನೂ ಇಲ್ಲ, ಕತ್ತಿ ದಾಟೂ ದಾರೀನೂ ಇಲ್ಲ, ಅರಬಿ ಒಗಿಯೂ ಬಂಡೀನೂ ಇಲ್ಲ. ಅವ್ವ ಹೋಗೂದು ನಾ ಒಲ್ಲೆ. ನಾ ಒಲ್ಲೆ, ನಾ ಒಲ್ಲೆ, ನಾ ಒಲ್ಲೆ!"

ಮೆಲ್ಲಗೆ ಕೂಡುವುದು, ಉಸ್ಸೆನ್ನುವುದು ಯಾವುದೂ ಇಲ್ಲ. ಊರು ಕೈಜಾರಿದ ಕೊಡದ ಹಾಗೆ ಬಿತ್ತು. ಹೆಂಚುಗಳು ಹಾರಿದವು. ಆಡುಗಳು ಒಮ್ಮೆಲೇ "ಮ್ಯಾ" ಅಂದವು. ಮಿಂಗೇಲ ಕಾಕಾ ತನ್ನ ತಮ್ಮನ ಮಡಿಲಲ್ಲಿ ಬಿದ್ದ. ಏಣಿ ಎರಡು ತುಂಡಾಗಿ, ಅವ್ವ ಬೇಲಿಯ ಪಕ್ಕದ ಧೂಳಿನಲ್ಲಿ ಗಂಟಿನ ಮೇಲೆ ಕೂತಿದ್ದಳು. ಲಾರಿ ಊರಿಗೆ ತಾಗದೆ ಒಂದು ಗೇಣು ದೂರದಲ್ಲಿ ಉಳಿದಿತ್ತು. ಭರಮಣ್ಣ ಅದರ ಕೆಳಗೆ ಸೇರಿಕೊಂಡಿದ್ದ.

ಧೂಳು ಇಳಿಯುವವರೆಗೆ ಎಲ್ಲರೂ ಕೆಮ್ಮಿದೆವು. ಆಮೇಲೆ ಶುರುವಾಯಿತು ನೋಡಿ.

"ಹುಚ್ಚೀ! ಒಲ್ಲೆ ಅಂದ್ಯಲ್ಲ, ಊರಿಗೆ ಉಣ್ಣಾಕ ನಿಮ್ಮಪ್ಪ ಇಡತಾನೇನ?" ಅಂದ ಕಾಕಾ, ತಮ್ಮನ ಮಡಿಲಿನಿಂದಲೇ.

"ಯಾಕ, ನಿನ್ನ ಹಗೇವಿನ್ಯಾಗ ಜ್ವಾಳ ಇಲ್ಲೇನು?" ಅಂದ ತಮ್ಮ. ನೆಲದೊಳಗಿನ ಆ ಕಣಜದ ಸುದ್ದಿ ಅವನೊಬ್ಬನಿಗೇ ಗೊತ್ತಿತ್ತು, ಇಬ್ಬರೂ ಸೇರಿ ತೋಡಿದ್ದಲ್ಲವೆ.

"ಅದು ಬೀಜಕ್ಕ ಇಟ್ಟದ್ದು!"

"ಅಷ್ಟೊಂದು ಬೀಜ ಬಿತ್ತಾಕ ನಿನಗ ಎಷ್ಟು ಹೊ‌ಲ ಅದಾವಪಾ?"

"ನಂದು ತಗದ್ರ ನಿಂದೂ ತಗೀಬೇಕು."

"ನಂದ್ರಾಗ ಹುಳಾ ಬಿದ್ದೈತಿ."

"ಹುಳಾ ಸೋಸಿ ತಿನ್ನೂಣು. ನನ್ನ ಉಳ್ಳಾಗಡ್ಡಿ ಅದಾವ" ಅಂದಳು ದಾವಲಬಿ ಖಾಲಾ. "ಈ ಹುಡುಗಿ ಬಾಯಿ ಬಿಡಲಿಲ್ಲಂದ್ರ ಹೊಲ ಉಳೀತಿರಲಿಲ್ಲ. ಆದ್ರ ಒಂದ ಮಾತು. ಉಳ್ಳಾಗಡ್ಡಿ ನಾ ಹೆಚ್ಚಂಗಿಲ್ಲ, ಕಣ್ಣು ಉರೀತಾವು."

"ಎಲ್ಲರಿಗೂ ಒಂದೇ ಒಲೆ ಮಾಡಿದ್ರೆ ಸೌದೆ ಉಳಿಯುತ್ತೆ" ಅಂದರು ಮೇಡಂ, ಮರವನ್ನು ಇನ್ನೂ ಬಿಡದೆ.

"ಒಂದ ಒಲಿ ಬ್ಯಾಡ್ರಿ. ಅಕಿ ಮಾಡಿದ ಸಾರು ಯಾರು ಉಣ್ತಾರ?" ಅಂದಳು ಒಬ್ಬಳು, ಪಕ್ಕದವಳ ಕಡೆ ಬೆರಳು ಮಾಡಿ.

"ಯಾಕ, ನನ್ನ ಸಾರಿಗೆ ಏನಾಗೇತಿ?"

ಎರಡು ಒಲೆ ಅನ್ನುವಲ್ಲಿಗೆ ಬಂದು ನಿಂತಿತು. ಎಲ್ಲರೂ ಉಳಿಯಲಿಲ್ಲ. ಇಬ್ಬರು ಹುಡುಗರು "ನಮಗ ಕಲ್ಲಿಗಿಂತ ಕಬ್ಬ ಬೇಸಿ" ಅಂತ ಲಾರಿ ಹತ್ತಿದರು. ಭರಮಣ್ಣ ಅವರಿಬ್ಬರನ್ನೇ ಕೂರಿಸಿಕೊಂಡು, ಉಳಿದವರಿಗೆ ಬಾಯಿಗೆ ಬಂದದ್ದನ್ನು ಅಂದು, ಧೂಳೆಬ್ಬಿಸಿ ಹೋದ. ಲಾರಿಯ ಸದ್ದು ಗುಡ್ಡದ ಆಚೆ ಅಡಗುವವರೆಗೂ ಅವ್ವ ಗಂಟಿನ ಮೇಲಿಂದ ಏಳಲಿಲ್ಲ. ನಾನು ಹೋಗಿ ಎದುರಿಗೆ ನಿಂತೆ. ಅವಳು ನನ್ನನ್ನು ನೋಡಿದಳು, ಹೊಸದಾಗಿ ಪರಿಚಯವಾದವರನ್ನು ನೋಡುವ ಹಾಗೆ.

"ನಡಾ ಮುರೀತಲ್ಲ ನನ್ನ" ಅಂದಳು. "ಒಲ್ಲೆ ಅನ್ನಬೇಕಂದ್ರ ಇಷ್ಟು ಜೋರಾಗಿ ಅಂತಾರೇನ?"

ಎದ್ದಳು. ಗಂಟು ಬಿಚ್ಚಿ ಹಳೆಯ ಸೀರೆಯೊಂದನ್ನು ಸುತ್ತಿ ಸಿಂಬೆ ಮಾಡಿ ತಲೆಯ ಮೇಲಿಟ್ಟುಕೊಂಡಳು. ಊರು ಬಿದ್ದ ರಭಸಕ್ಕೆ ಬೇಲಿಯ ಬುಡದಿಂದ ಕಿತ್ತುಬಂದಿದ್ದ ಒಂದು ಕಲ್ಲನ್ನು ನನ್ನ ಕೈಯಲ್ಲಿ ಎತ್ತಿಸಿಕೊಂಡು ಹೊತ್ತು, ಹಳ್ಳದ ಕಡೆ ನಡೆದಳು. ಜನ ಜಗಳಾಡುತ್ತಲೇ ಅವಳ ಹಿಂದೆ ನಡೆದರು. ನೀರಿನಂಚಿಗೆ ಬಂದು ಅವ್ವ ನಿಂತಳು, ಕುತ್ತಿಗೆ ಅಲುಗಿಸದೆ ಸುತ್ತ ನೋಡಿದಳು.

"ಎಲ್ಲಿಡಲಿ ಇದನ್ನ?"

ಮಿಂಗೇಲ ಕಾಕಾ ಇತ್ತ ಕೈ ಮಾಡಿದ. ಅವನ ತಮ್ಮ ಅತ್ತ ಕೈ ಮಾಡಿದ. ಖಾಲಾ ಇನ್ನೂ ಕೆಳಗೆ ಅಂದಳು, ಮೇಡಂ ಪಾಯ ತೋಡಿದ ಮೇಲಲ್ಲವೇ ಅಂದರು, ಆಯಿ ಮೊದಲು ಹುಡುಗಿಯ ತಲೆಯ ಮೇಲಿಂದ ಧೂಳು ಕೊಡವಿ ಅಂದಳು. ಒಬ್ಬರ ಬೆರಳು ತೋರಿಸಿದ ಕಡೆ ಇನ್ನೊಬ್ಬರ ಬೆರಳಿಲ್ಲ. ನಮ್ಮ ಕಾಲ ಕೆಳಗೆ ನೆಲ ಗಟ್ಟಿಯಾಗಿ, ಅಲುಗದೆ ಕೂತಿತ್ತು. ಅವ್ವ ತಲೆಯ ಮೇಲೆ ಕಲ್ಲು ಹೊತ್ತುಕೊಂಡು ಅಲ್ಲೇ ನಗತೊಡಗಿದಳು.